ನಗದು ಆನ್‌ಲೈನ್‌ಗೆ, ಉದ್ರಿ ಅಂಗಡಿಗೆ: ಇದು ಎಷ್ಟು ದಿನ?

ದೀಪಾವಳಿ ಆಫರ್ ಶುರುವಾದ್ರೆ ಸಾಕು, ನಮ್ಮ ಹಾಸ್ಟೆಲ್ ಗೇಟಿನಲ್ಲಿ ಪಾರ್ಸಲ್‌ಗಳ ರಾಶಿ. ಇದು ಕಾಲೇಜಿನ ಕಥೆ ಮಾತ್ರ ಅಲ್ಲ. ನಮ್ಮೂರು ಮುದ್ದೇಬಿಹಾಳಕ್ಕೂ, ಸುತ್ತಲಿನ ಹಳ್ಳಿಗಳಿಗೂ ಈಗ ಪಾರ್ಸಲ್ ಬರುತ್ತವೆ. ‘ಇನ್ನ ಅಂಗಡಿಕಾರರ ಕಥಿ ಮುಗೀತು’ ಅನ್ನೋರು ಒಂದು ಕಡೆ, ‘ಆನ್‌ಲೈನ್ ಬಂದ್ ಮಾಡ್ರಿ’ ಅನ್ನೋರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆ ಇಲ್ಲ.

ನಮ್ಮ ತಾಲ್ಲೂಕಿನ ಬಹಳ ಮನೆಗಳಿಗೆ ಒಂದನೇ ತಾರೀಖು ಸಂಬಳ ಬರೋದಿಲ್ಲ. ತೊಗರಿ, ಜೋಳ, ಕಡಲೆ ಮಾರಿದಾಗ ದುಡ್ಡು. ನಡುವಿನ ತಿಂಗಳುಗಳಲ್ಲಿ ಮನೆ ನಡೆಸೋದು ಅಂಗಡಿಯ ಉದ್ರಿ ಖಾತೆ. ಅಲ್ಲಿ ಬ್ಯಾಂಕಿನ ಕಾಗದಪತ್ರ ಬೇಕಿಲ್ಲ, ಮುಖಪರಿಚಯವೇ ಜಾಮೀನು. ಈ ಉದ್ರಿ ಪೂರ್ತಿ ಪುಕ್ಕಟೆ ಅಂತ ಹೇಳ್ತಿಲ್ಲ, ಎಷ್ಟೋ ಕಡೆ ಬಡ್ಡಿ ದರದೊಳಗೇ ಸೇರಿರುತ್ತೆ. ಆದರೂ ಅದು ಇದೆ ಅನ್ನೋದು ದೊಡ್ಡ ಮಾತು.

ಈಗ ಆಗ್ತಿರೋದು ಏನು? ಕೈಯಲ್ಲಿ ನಗದು ಇದ್ದಾಗ ಮೊಬೈಲ್ ತೆಗೀತೀವಿ, ಇಲ್ಲದಾಗ ಅಂಗಡಿ ಮೆಟ್ಟಿಲು ಹತ್ತುತೀವಿ. ಅಂಗಡಿಕಾರನೂ ಸಗಟು ವ್ಯಾಪಾರಿಗೆ ದುಡ್ಡು ಕಟ್ಟಬೇಕಲ್ಲ? ನಗದು ಬರದಿದ್ದರೆ ಉದ್ರಿ ಎಲ್ಲಿಂದ ಕೊಡ್ತಾನೆ? ಆ್ಯಪ್‌ನಲ್ಲೂ ‘ಪೇ ಲೇಟರ್’ ಇದೆ ನಿಜ, ಆದರೆ ಅದು ತನ್ನ ತಾರೀಖಿಗೆ ಸರಿಯಾಗಿ ಕೇಳುತ್ತೆ. ಮಳೆ ಕೈಕೊಟ್ಟ ವರ್ಷ ‘ಇರ್ಲಿ ಬಿಡ್ರಿ, ಮುಂದಿನ ಸುಗ್ಗಿಗೆ ಕೊಡ್ರಿ’ ಅನ್ನೋದಿಲ್ಲ. ಹಾಗಾಗಿ ಅಂಗಡಿ ಉಳಿಯಬೇಕು ಅನ್ನೋದು ಬರೀ ಭಾವನೆಯ ಮಾತಲ್ಲ.

ಹಾಗಂತ ಅಂಗಡಿಯವರದ್ದು ಏನೂ ತಪ್ಪಿಲ್ಲವೇ? ಗಿರಾಕಿ ಆನ್‌ಲೈನ್‌ಗೆ ಹೋಗಿದ್ದು ಅಗ್ಗ ಅಂತ ಮಾತ್ರ ಅಲ್ಲ. ಅಲ್ಲಿ ದರ ಕಣ್ಣೆದುರೇ ಇರುತ್ತೆ, ಬೇಡವಾದರೆ ವಾಪಸ್ ಕೊಡಬಹುದು. ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಮುಖ ನೋಡಿ ದರ, ಮೇಲೆ ‘ಮಾರಿದ ಮಾಲು ವಾಪಸ್ ಇಲ್ಲ’ ಅನ್ನೋ ಬೋರ್ಡು. ಹೆಣ್ಣುಮಕ್ಕಳು ನಾಲ್ಕು ಮಂದಿ ಗಂಡಸರ ಮುಂದೆ ಒಳಉಡುಪಿನ ಸೈಜು ಹೇಳಬೇಕು. ಆ ಮುಜುಗರ ತಪ್ಪುತ್ತೆ ಅಂದ್ರೆ ಯಾರು ತಾನೇ ಆ್ಯಪ್ ಬಿಟ್ಟಾರು?

ಸರಿಪಡಿಸೋ ಕೆಲಸ ಇಲ್ಲಿಂದಲೇ ಶುರುವಾಗಬೇಕು. ದರದ ಚೀಟಿ ಅಂಟಿಸಿ. ಮೂರು ದಿನದೊಳಗೆ ಬದಲಿ ಕೊಡಿ. ಸಾಮಾನಿನ ಪಟ್ಟಿ ವಾಟ್ಸಾಪ್‌ನಲ್ಲಿ ತಗೊಂಡು, ಊರಿಗೆ ಹೋಗೋ ಟಂಟಂನಲ್ಲಿ ಕಳಿಸಿ. ನಾಲ್ಕೈದು ಅಂಗಡಿಯವರು ಕೂಡಿ ಸಗಟು ಖರೀದಿ ಮಾಡಿದರೆ ದರವೂ ಇಳಿಯುತ್ತೆ. ಮೊಬೈಲ್ ಫೋನ್ ದರದಲ್ಲಿ ದೊಡ್ಡ ಕಂಪನಿಗಳ ಜೊತೆ ಗುದ್ದಾಡೋದು ಬೇಡ. ಆದರೆ ಮದುವೆ ಜವಳಿಗೆ ಇಡೀ ಮನೆಮಂದಿ ಬಂದು ಇಳಕಲ್ ಸೀರೆಯ ಸೆರಗು ಮುಟ್ಟಿ ನೋಡ್ತಾರಲ್ಲ, ಆ ವ್ಯಾಪಾರ ಫೋಟೋ ನೋಡಿ ಆಗೋದಲ್ಲ. ಗಟ್ಟಿ ಇರೋ ಕಡೆ ಕಾಲೂರಬೇಕು.

ಆನ್‌ಲೈನ್‌ನಲ್ಲಿ ತಾವೂ ಮಾರಬಹುದಲ್ಲ? ಮಾರಬಹುದು. ಮೊದಲು ವಹಿವಾಟು ಎಷ್ಟೇ ಸಣ್ಣದಿದ್ದರೂ ಇ-ಕಾಮರ್ಸ್ ತಾಣದಲ್ಲಿ ಸರಕು ಮಾರೋಕೆ ಜಿಎಸ್‌ಟಿ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ವಹಿವಾಟಿನವರು ರಾಜ್ಯದೊಳಗೆ ಮಾರೋದಾದರೆ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಸಾಕು. ಇನ್ನು ಒಎನ್‌ಡಿಸಿ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಯುಪಿಐ ಇದ್ದ ಹಾಗೆಯೇ ಇದು: ಕೊಳ್ಳುವವರ ಆ್ಯಪ್ ಒಂದು, ಮಾರುವವರ ಆ್ಯಪ್ ಇನ್ನೊಂದು ಇದ್ದರೂ ವ್ಯಾಪಾರ ನಡೆಯುತ್ತೆ. ದಾರಿ ಇದೆ. ಆದರೆ ಅಂಗಡಿಯಲ್ಲಿ ಯಾವ ಮಾಲು ಎಷ್ಟಿದೆ ಅನ್ನೋ ಪಟ್ಟಿಯೇ ಇಲ್ಲದಿದ್ದರೆ ಯಾವ ನೆಟ್‌ವರ್ಕ್ ಏನು ಮಾಡೀತು?

ಲೆಕ್ಕ ಇಡದಿದ್ದರೆ ಏನಾಗುತ್ತೆ ಅಂತ 2025ರ ಜುಲೈನಲ್ಲಿ ನೋಡಿದೆವು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ಎಷ್ಟೋ ಜನ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಅಂತ ಬರೆದರು. ಕೊನೆಗೆ ಹಳೇ ಬಾಕಿ ವಸೂಲಿ ಮಾಡೋದಿಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಹಾಲು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ಬಂದ ದುಡ್ಡು ಅದರದ್ದೇ ಅಂತ ತೋರಿಸಲು ಲೆಕ್ಕ ಬೇಕಲ್ಲ?

ಇಲ್ಲೇ ನಮ್ಮ ಕೆಲಸ ಇರೋದು. ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಇನ್ನೊಂದು ಶಾಪಿಂಗ್ ಆ್ಯಪ್ ಮಾಡಿ, ವೈವಾ ಮುಗಿದ ಮೇಲೆ ಡಿಲೀಟ್ ಮಾಡೋದು ಸಾಕು. ‘ಎರಡ್ ಕಿಲೋ ಸಕ್ರಿ, ಅರ್ಧಾ ಕಿಲೋ ಬೆಲ್ಲ, ಉದ್ರಿ ಬರೀ’ ಅಂದರೆ ನಮ್ಮ ಕಡೆಯ ಕನ್ನಡ ತಿಳಿದು ಬಿಲ್ ಬರೆಯೋ, ಸ್ಟಾಕ್ ಕಳೆಯೋ, ನೆಟ್ ಇಲ್ಲದಾಗಲೂ ನಡೆಯೋ ಒಂದು ಸಣ್ಣ ಸಾಫ್ಟ್‌ವೇರ್ ಯಾಕೆ ಮಾಡಬಾರದು? ಖಾತೆ ಬರೆಯೋ ಆ್ಯಪ್‌ಗಳು ಈಗಲೂ ಇವೆ. ಆದರೆ ಗಲ್ಲಾದ ಮೇಲೆ ಕೂತವನಿಗೆ ಗದ್ದಲದಲ್ಲಿ ಟೈಪ್ ಮಾಡೋಕೆ ಪುರುಸೊತ್ತು ಎಲ್ಲಿದೆ? ರಜೆಗೆ ಊರಿಗೆ ಹೋದಾಗ ಒಂದು ದಿನ ಅಂಗಡಿಯಲ್ಲಿ ಕೂತು ನೋಡಿ, ಪ್ರಾಬ್ಲಮ್ ಸ್ಟೇಟ್‌ಮೆಂಟ್ ತಾನಾಗಿಯೇ ಸಿಗುತ್ತೆ.

ಜೊತೆಗೆ ಇನ್ನೊಂದು, ಇದಕ್ಕೆ ಕೋಡಿಂಗ್ ಬೇಡ: ಉದ್ರಿ ತಂದ ಅಂಗಡಿಗೇ ನಗದು ಇದ್ದಾಗಲೂ ಹೋಗೋಣ.