ಒಂದೇ ಕಡತ, ನಾಲ್ಕು ತಾಣ

ಒಂದು ಕಂಪನಿಗೆ ನಾಲ್ಕು ಜಾಲತಾಣಗಳಿವೆ ಎಂದಿಟ್ಟುಕೊಳ್ಳಿ. ಮಾರಾಟಕ್ಕೆ ಒಂದು, ದೂರಿಗೆ ಒಂದು, ನೌಕರಿಯ ಅರ್ಜಿಗೆ ಒಂದು, ಸುದ್ದಿಗೆ ಇನ್ನೊಂದು. ನಾಲ್ಕರಲ್ಲೂ ಸಣ್ಣ ಅಕ್ಷರಗಳು ತೆಳು ಬೂದು. ಮೊಮ್ಮಗನಿಗೆ ಅದು ಸೊಗಸು. ಅಜ್ಜನಿಗೆ ಅಲ್ಲಿ ಬರಹವೇ ಕಾಣದು. ಇದನ್ನು ತಿದ್ದುವುದೆಲ್ಲಿ? ನಾಲ್ಕು ಕಡೆಯೋ, ಒಂದೇ ಕಡೆಯೋ?

ಜಾಲಪುಟದ ಅಂದವನ್ನು ನಿರ್ಧರಿಸುವ ಭಾಷೆ ಸಿಎಸ್‌ಎಸ್. ನಾರ್ವೆಯ ಹೋಕನ್ ವಿಯುಮ್ ಲೀ 1994ರಲ್ಲಿ ಇದನ್ನು ಸೂಚಿಸಿದರು. ಇದರಲ್ಲಿ ಬಣ್ಣವನ್ನು ಆರು ಅಂಕಿಗಳಲ್ಲಿ ಬರೆಯಬಹುದು: ಕೆಂಪು, ಹಸಿರು, ನೀಲಿಗೆ ಎರಡೆರಡು. ಮೂರೂ ಸಮನಾದರೆ ಬೂದು. 999999 ತೆಳು, 666666 ದಟ್ಟ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಕನಿಷ್ಠ 4.5:1 ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಮೊದಲನೆಯದರ ಅನುಪಾತ ಸುಮಾರು 2.8, ಎರಡನೆಯದರದು 5.7.

ಎಲ್ಲ ನಿಯಮಗಳನ್ನೂ ಹೊಸದಾಗಿ ಬರೆಯುವ ಶ್ರಮ ತಪ್ಪಿಸಲು ಸಿದ್ಧ ಚೌಕಟ್ಟುಗಳಿವೆ. ಟ್ವಿಟರ್ ಕಂಪನಿಯ ಒಳಬಳಕೆಯ ಸಾಧನಗಳು ಒಂದೊಂದು ಒಂದೊಂದು ರೀತಿ ಇದ್ದುದರಿಂದ ಮಾರ್ಕ್ ಒಟ್ಟೊ, ಜೇಕಬ್ ಥಾರ್ನ್‌ಟನ್ ಇಬ್ಬರೂ ಬೂಟ್‌ಸ್ಟ್ರಾಪ್ ಕಟ್ಟಿದರು. 2011ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. 2017ರಲ್ಲಿ ಟೇಲ್‌ವಿಂಡ್ ಬಂತು. ಇಂಥ ಚೌಕಟ್ಟಿಗೆ ಕಂಪನಿ ತನ್ನದೇ ಬಣ್ಣ, ಅಕ್ಷರದ ಗಾತ್ರ, ಅಂತರಗಳ ಪಟ್ಟಿಯನ್ನು ಕೊಡುತ್ತದೆ.

ತೊಡಕು ಬರುವುದು ಇಲ್ಲಿ. ನಾಲ್ಕು ತಂಡಗಳೂ ಪಟ್ಟಿಯನ್ನು ನಕಲು ಮಾಡಿಕೊಂಡರೆ, ಒಬ್ಬರ ನೋಟ್ಸ್ ನೋಡಿ ಮತ್ತೊಬ್ಬರು ಬರೆದುಕೊಂಡಂತೆ, ದಿನ ಕಳೆದಂತೆ ಒಂದು ಪ್ರತಿಗೆ ಇನ್ನೊಂದು ಹೊಂದದು. ಒಂದು ತಂಡ ಬೂದನ್ನು ತಿದ್ದುತ್ತದೆ, ಉಳಿದ ಮೂರಕ್ಕೆ ಸುದ್ದಿಯೇ ಇಲ್ಲ. ಆದ್ದರಿಂದ ಪಟ್ಟಿಯನ್ನು ಒಂದೇ ಕಡತದಲ್ಲಿ ಇಟ್ಟು, ನಾಲ್ಕೂ ತಾಣಗಳು ಅಲ್ಲಿಂದಲೇ ಪಡೆಯುವಂತೆ ಮಾಡುತ್ತಾರೆ. 2025ರಲ್ಲಿ ಬಂದ ಟೇಲ್‌ವಿಂಡ್‌ನ ನಾಲ್ಕನೆಯ ಆವೃತ್ತಿಯಲ್ಲಿ ಈ ಪಟ್ಟಿಯನ್ನು ಸಿಎಸ್‌ಎಸ್ ಕಡತದಲ್ಲೇ ಬರೆಯಬಹುದು.

ಆದರೆ ತಿದ್ದುಪಡಿ ಹರಡುವ ದಾರಿಯಲ್ಲೇ ತಪ್ಪೂ ಹರಡುತ್ತದೆ. ಅದಕ್ಕೇ ಪಠ್ಯಪುಸ್ತಕದ ಮುದ್ರಣಗಳಿಗೆ ಇರುವಂತೆ ಕಡತಕ್ಕೂ ಆವೃತ್ತಿ ಸಂಖ್ಯೆ ಬೇಕು, ಉದಾಹರಣೆಗೆ 2.3.1. ಹಳೆಯ ಬಳಕೆ ಕೆಡುವಂತಿದ್ದರೆ ಮೊದಲ ಅಂಕಿ ಏರುತ್ತದೆ. ಹೊಸ ಸೌಲಭ್ಯಕ್ಕೆ ಎರಡನೆಯದು. ದೋಷ ತಿದ್ದಿದರೆ ಮೂರನೆಯದು. ಪ್ರತಿ ತಂಡವೂ ಪರೀಕ್ಷಿಸಿ ನೋಡಿದ ಮೇಲೆಯೇ ಹೊಸ ಆವೃತ್ತಿಗೆ ಬರುತ್ತದೆ.

ಮಾಡಿ ನೋಡಿ: ಗಣಕದಲ್ಲಿ ಎರಡು ಜಾಲಪುಟ ಬರೆದು ಎರಡಕ್ಕೂ ಒಂದೇ ಸಿಎಸ್‌ಎಸ್ ಕಡತ ಜೋಡಿಸಿ. ಅಕ್ಷರದ ಬಣ್ಣವನ್ನು ಹ್ಯಾಷ್ ಚಿಹ್ನೆಯೊಡನೆ 999999 ಎಂದಿಟ್ಟು, ಮನೆಯ ಹಿರಿಯರಿಂದ ಓದಿಸಿ. ಬಳಿಕ ಕಡತದಲ್ಲಿ ಅದನ್ನು 666666 ಮಾಡಿ, ಪುಟಗಳನ್ನು ಮತ್ತೆ ತೆರೆದು ಓದಿಸಿ. ಎಷ್ಟು ಕಡೆ ತಿದ್ದಿದಿರಿ, ಎಷ್ಟು ಪುಟ ಬದಲಾಯಿತು?