ಸಂಘಕ್ಕೆ ಕಂಪ್ಯೂಟರ್: ಮೊದಲು ಲೆಕ್ಕ, ಆಮೇಲೆ ಯಂತ್ರ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಂಪ್ಯೂಟರಿನ ಬಗ್ಗೆ ಬರೆಯೋಕೆ ಇವನ್ಯಾರು ಅಂತ ನೀವು ಕೇಳಬಹುದು. ಸಂಘದ ದುಡ್ಡು ಅದಕ್ಕೆ ಹಾಕಿ ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಆ ಒಂದು ಅರ್ಹತೆ ನನಗಿದೆ.

ನಮ್ಮದು ಮಳೆ ನಂಬಿದ ಊರು. ರಾಗಿ, ಕಡ್ಲೆಕಾಯಿ, ಅಕ್ಕಡಿ ಸಾಲಿಗೆ ತೊಗರಿ, ಅವರೆ. ಎಂಬತ್ತು ಚಿಲ್ಲರೆ ಮನೆಯವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಮುಂಗಾರಿನಲ್ಲಿ ಬಿತ್ತನೆ ಬೀಜ ಕೊಡುತ್ತೇವೆ. ಸುಗ್ಗಿಯಲ್ಲಿ ಎಲ್ಲರ ಮಾಲು ಒಟ್ಟು ಮಾಡಿ ಮಾರುತ್ತೇವೆ. ಇಷ್ಟು ಕೆಲಸಕ್ಕೆ ಒಂದು ಕಿರ್ದಿ ಪುಸ್ತಕ, ಒಂದು ಖಾತೆ ಪುಸ್ತಕ ಇತ್ತು. ಲೆಕ್ಕ ಮುಗಿಸಿ ದುಡ್ಡು ಹಂಚೋದು ತಡ ಆಗುತ್ತೆ ಅನ್ನೋ ದೂರು ಮಾತ್ರ ಪ್ರತಿ ವರ್ಷ ಇದ್ದದ್ದೇ.

2019ರಲ್ಲಿ ಸಾಫ್ಟ್‌ವೇರ್ ಮಾಡಿಸೋಣ ಅಂತ ಸಭೆಯಲ್ಲಿ ತೀರ್ಮಾನ ಆಯಿತು. ನಾನೂ ಕೈ ಎತ್ತಿದೆ. ಮಾಡಿಕೊಡುವವರು ಎರಡು ಸಲ ಬಂದರು. ಅಧ್ಯಕ್ಷರ ಜತೆ ಆಫೀಸಲ್ಲಿ ಕೂತು ಕಾಫಿ ಕುಡಿದು ಬರೆದುಕೊಂಡು ಹೋದರು. ತೂಕ ಮಾಡುವ ಗೋದಾಮಿಗೆ ಅವರೂ ಬರಲಿಲ್ಲ, ಬನ್ನಿ ಅಂತ ನಾವೂ ಕರೆಯಲಿಲ್ಲ.

ಸುಗ್ಗಿಗೆ ತೊಂದರೆ ಶುರುವಾಯಿತು. ನಮ್ಮೂರಲ್ಲಿ ಐದು ಜನ ರಂಗಪ್ಪ ಇದ್ದಾರೆ. ಇಬ್ಬರಿಗೆ ತಂದೆ ಹೆಸರೂ ಒಂದೇ. ಬಾವಿ ರಂಗಪ್ಪ, ಕಟ್ಟೆಮನೆ ರಂಗಪ್ಪ ಅಂತ ನಾವು ಗುರುತು ಇಟ್ಟುಕೊಂಡಿದ್ದೇವೆ. ಆ ಗುರುತು ಬರೆಯೋಕೆ ಅದರಲ್ಲಿ ಜಾಗವೇ ಇರಲಿಲ್ಲ. ಒಬ್ಬರ ಚೀಲ ಇನ್ನೊಬ್ಬರ ಖಾತೆಗೆ ಹೋಯಿತು. ಮಾಲು ಬರೋ ಹೊತ್ತಿಗೆ ಕರೆಂಟ್ ಇರಲ್ಲ. ಕಾರ್ಯದರ್ಶಿ ಹಗಲು ಚೀಟಿಯಲ್ಲಿ ಬರೆದು ರಾತ್ರಿ ಕಂಪ್ಯೂಟರಿಗೆ ಹಾಕೋಕೆ ಶುರು ಮಾಡಿದರು. ಕೆಲಸ ಎರಡಾಯಿತು, ಲೆಕ್ಕವೂ ಎರಡಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ಬೀಜದ ಲೆಕ್ಕಕ್ಕೆ. ನಮ್ಮ ಪದ್ಧತಿಯಲ್ಲಿ ಬಿತ್ತನೆಗೆ ಒಂದು ಚೀಲ ಕಡ್ಲೆಕಾಯಿ ತಗೊಂಡವರು ಸುಗ್ಗಿಗೆ ಒಂದೂಕಾಲು ಚೀಲ ವಾಪಸ್ ಅಳೆಯಬೇಕು. ಕಾಳಿಗೆ ಕಾಳು, ದುಡ್ಡಿನ ಮಾತಿಲ್ಲ. ಆದರೆ ಆ ಸಾಫ್ಟ್‌ವೇರಿಗೆ ದುಡ್ಡಿನ ಲೆಕ್ಕ ಒಂದೇ ಗೊತ್ತು. ಒಬ್ಬ ಅಜ್ಜಿ ಎರಡು ಚೀಲ ತಗೊಂಡಿದ್ದರು. ಬಿತ್ತನೆ ಹೊತ್ತಿನ ರೇಟು ಚೀಲಕ್ಕೆ 3,000 ರೂಪಾಯಿ. ಅದರಂತೆ 6,000, ಮೇಲೆ ಕಾಲು ಭಾಗ ಸೇರಿ 7,500 ಸಾಲ ಅಂತ ಬರೆದುಕೊಂಡಿತು. ಸುಗ್ಗಿಗೆ ಅಜ್ಜಿ ಸರಿಯಾಗಿ ಎರಡೂವರೆ ಚೀಲ ಅಳೆದರು. ಆಗ ರೇಟು 2,200ಕ್ಕೆ ಇಳಿದಿತ್ತು. ಯಂತ್ರ 5,500 ಜಮಾ ಮಾಡಿ, ಇನ್ನೂ 2,000 ಬಾಕಿ ಅಂತ ತೋರಿಸಿತು. ಅವರು ಮಾರಿದ ಬೇರೆ ಚೀಲದ ದುಡ್ಡಲ್ಲಿ ಅಷ್ಟನ್ನೂ ಮುರಿದುಕೊಂಡೆವು.

ಸರ್ವ ಸದಸ್ಯರ ಸಭೆಯಲ್ಲಿ ಅಜ್ಜಿ ಎದ್ದು ನಿಂತರು. “ನಾನು ಓದಿದೋಳಲ್ಲ ಕಣ್ರಪ್ಪಾ. ನಮ್ಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದಿದೀನಿ. ಎರಡು ಉದ್ದ, ಒಂದು ಗಿಡ್ಡ. ಬಂದು ನೋಡ್ರಿ” ಅಂದರು. ಹಳೇ ಕಿರ್ದಿ ತೆಗೆದು ನೋಡಿದೆವು. ಗೋಡೆ ಲೆಕ್ಕವೇ ಸರಿ. ತಿದ್ದೋಣ ಅಂದರೆ ಅದಕ್ಕೂ ಮಾಡಿಕೊಟ್ಟವರೇ ಬರಬೇಕು. ಎರಡು ತಿಂಗಳು ಫೋನ್ ಮಾಡಿದ್ದಾಯಿತು. ಅಷ್ಟರೊಳಗೆ ಏಳೆಂಟು ಮನೆಯವರು ಮಾಲನ್ನು ಸೀದಾ ದಲ್ಲಾಳಿಗೆ ಹಾಕಿದರು. ಹೋದ ದುಡ್ಡು ಮತ್ತೆ ಬರುತ್ತೆ, ಹೋದ ನಂಬಿಕೆ ಬರೋದು ಕಷ್ಟ.

ಆಮೇಲೆ ನಾಲ್ಕು ಸಂಜೆ ಕಟ್ಟೆ ಮೇಲೆ ಕೂತೆವು. ಮಾಲು ಯಾರು ತರುತ್ತಾರೆ, ಯಾರು ತೂಗುತ್ತಾರೆ, ಯಾರು ಬರೆಯುತ್ತಾರೆ, ಚೀಟಿ ಯಾರ ಕೈಗೆ ಹೋಗುತ್ತೆ ಅಂತ ಒಂದೊಂದಾಗಿ ಕಾಗದದ ಮೇಲೆ ಬರೆದೆವು. ಆಗ ನಮ್ಮ ಹುಳುಕೂ ಹೊರಗೆ ಬಂತು. ತೇವಕ್ಕೆ, ಜೊಳ್ಳಿಗೆ ಎಷ್ಟು ಕಳೆಯಬೇಕು ಅನ್ನೋ ನಿಯಮ ತಕ್ಕಡಿ ಹತ್ತಿರ ನಿಂತವರ ಮೇಲೆ ಬದಲಾಗುತ್ತಿತ್ತು! ಒಬ್ಬರು ಒಂದು ಕೇಜಿ ಕಳೆದರೆ ಇನ್ನೊಬ್ಬರು ಎರಡು. ನಮ್ಮಲ್ಲೇ ಇಲ್ಲದ ನಿಯಮ ಯಂತ್ರಕ್ಕೆ ಹೇಗೆ ಬರಬೇಕು? ಬೀಜ ಜೊಳ್ಳಾದರೆ ಟ್ರ್ಯಾಕ್ಟರಲ್ಲಿ ಬಿತ್ತಿದರೂ ಮೊಳೆಯೋದಿಲ್ಲ.

ನಿಯಮ ಗಟ್ಟಿ ಮಾಡಿಕೊಂಡ ಮೇಲೆ ಊರಿನ ಓದಿದ ಹುಡುಗನೊಬ್ಬನನ್ನು ಒಂದು ದಿನ ಪೂರ್ತಿ ತಕ್ಕಡಿ ಪಕ್ಕ ಕೂರಿಸಿದೆವು. ಅವನು ಕಂಪ್ಯೂಟರಿನಲ್ಲೇ ಇರುವ ಲೆಕ್ಕದ ಹಾಳೆಯಲ್ಲಿ ಸರಳವಾದದ್ದೊಂದು ಮಾಡಿಕೊಟ್ಟ. ಪ್ರತಿ ಸದಸ್ಯರಿಗೂ ಒಂದು ನಂಬರು. ಬೀಜದ ಖಾತೆ ಚೀಲದಲ್ಲಿ, ದುಡ್ಡಿನ ಖಾತೆ ರೂಪಾಯಿಯಲ್ಲಿ, ಎರಡೂ ಬೇರೆ ಬೇರೆ. ಗೋದಾಮಿನಲ್ಲಿ ಎಷ್ಟಿದೆ, ನಾವು ಯಾರಿಗೆ ಕೊಡಬೇಕು, ನಮಗೆ ಯಾರು ಕೊಡಬೇಕು ಅನ್ನೋ ಮೂರು ಪ್ರಶ್ನೆಗೆ ಅದು ಉತ್ತರ ಹೇಳುತ್ತೆ. ಒಂದು ಸುಗ್ಗಿ ಪೂರ್ತಿ ಪುಸ್ತಕ, ಕಂಪ್ಯೂಟರ್ ಎರಡನ್ನೂ ಜೊತೆಗೇ ನಡೆಸಿದೆವು. ದಿನಾ ಸಂಜೆ ಚೀಲ ಎಣಿಸಿ ತಾಳೆ ನೋಡಿದೆವು. ಅದು ಸರಿ ಬಂದ ಮೇಲೇ ಹಳೇ ಪುಸ್ತಕ ಮುಚ್ಚಿದ್ದು. ಅಜ್ಜಿಯ 2,000 ರೂಪಾಯಿ ಸಭೆಯಲ್ಲೇ ಅವರ ಕೈಗೆ ಕೊಟ್ಟೆವು.

ಕಂಪ್ಯೂಟರ್ ಬೇಡ ಅನ್ನೋನು ನಾನಲ್ಲ. ಹಾಲಿನ ಡೇರಿ ನೋಡಿ. ಹಾಲು ಹಾಕಿದ ತಕ್ಷಣ ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ದುಡ್ಡು ಅಂತ ಚೀಟಿ ಕೈಗೆ ಬರುತ್ತೆ. ತಪ್ಪಿದ್ದರೆ ಅಲ್ಲೇ ನಿಂತು ಕೇಳಬಹುದು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯೂ ಹಾಗೇ. 2001ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಬಂತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಪಹಣಿ ಸಿಗುತ್ತಿತ್ತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಅನ್ನೋ ಸರದಿ ಬಂತು. ರೈತನಿಗೆ ಅನುಕೂಲ ಆದದ್ದು ಈ ಸರದಿಯಿಂದ. ಆದರೆ ಹಳೇ ಕೈಬರಹದಲ್ಲಿ ತಪ್ಪಿದ್ದ ಕಡೆ ಆ ತಪ್ಪೂ ಅಚ್ಚಾಗಿ ಬಂತು. ಅದನ್ನು ತಿದ್ದಿಸೋಕೆ ಮತ್ತೆ ಅಲೆದಾಟ. ಅಚ್ಚಾದ ತಪ್ಪು ನೋಡೋಕೆ ಸತ್ಯದ ಹಾಗೇ ಕಾಣುತ್ತೆ, ಅದೇ ಅಪಾಯ.

ಇದನ್ನೆಲ್ಲ ಈಗ ಹೇಳೋಕೆ ಕಾರಣ ಇದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರೋಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಲ್ಲ ಸಂಘಕ್ಕೂ ಒಂದೇ ಸಾಫ್ಟ್‌ವೇರ್. ಅದು ಒಳ್ಳೇದೇ. ಆದರೆ ಅದರೊಳಗೆ ಹೋಗೋದು ನಮ್ಮ ಹಳೇ ಖಾತೆ, ನಮ್ಮ ಸಾಲ, ನಮ್ಮ ಷೇರು. ಹಾಗಾಗಿ ನಿಮ್ಮ ಸಂಘದ ಸಭೆಯಲ್ಲಿ ನಾಲ್ಕು ಮಾತು ಕೇಳಿ.

ಹಳೇ ಬಾಕಿ ಕಂಪ್ಯೂಟರಿಗೆ ಹಾಕೋ ಮುಂಚೆ ಸದಸ್ಯನಿಗೆ ಓದಿ ಹೇಳಿ ಸಹಿ ತಗೋತೀರಾ? ಕೊಟ್ಟಾಗ, ತಗೊಂಡಾಗ ಕನ್ನಡದಲ್ಲಿ ಚೀಟಿ ಕೊಡ್ತೀರಾ? ತಪ್ಪಾದರೆ ಯಾರು ತಿದ್ದುತ್ತಾರೆ, ಎಷ್ಟು ದಿನದಲ್ಲಿ? ಹೊಸದು ಸರಿ ಬರೋ ತನಕ ಹಳೇ ಪುಸ್ತಕ ಇಟ್ಟಿರ್ತೀರಾ?

ಕೇಳೋಕೆ ಸಂಕೋಚ ಬೇಡ. ಓದಿದವರ ವಿಷಯ ಅಂತ ಸುಮ್ಮನೆ ಕೂತು ನಾವು ಒಂದು ಸುಗ್ಗಿ ಕೆಡಿಸಿಕೊಂಡೆವು. ನಮ್ಮ ವ್ಯವಹಾರ ಹೇಗೆ ನಡೆಯುತ್ತೆ ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅಜ್ಜಿ ಮನೆ ಗೋಡೆಗೆ ಈಗ ಸುಣ್ಣ ಹೊಡೆದಿದ್ದಾರೆ. ಆದರೂ ಒಂದು ಮೂಲೆಯಲ್ಲಿ ಈ ವರ್ಷದ ಗೆರೆ ಎಳೆದಿದ್ದಾರೆ. ಎಳೆಯಲಿ, ಅದೂ ಒಂದು ತಾಳೆ.