ಸಾವಿನ ಕಡತದಲ್ಲಿ ಲಾಭದ ಹುಡುಕಾಟ

ಅಮೆರಿಕೆಯಲ್ಲಿ ಒಬ್ಬರು ತೀರಿಕೊಂಡ ಬಳಿಕ ಅವರ ಉಯಿಲು ಪ್ರೊಬೇಟ್ ನ್ಯಾಯಾಲಯವನ್ನು ಸೇರಿದೊಡನೆ ಸಾರ್ವಜನಿಕ ದಾಖಲೆಯಾಗುತ್ತದೆ. ಸಾಲ ಕೊಟ್ಟವರಿಗಾಗಲೀ ವಾರಸುದಾರರಿಗಾಗಲೀ ಅನ್ಯಾಯವಾಗದಿರಲೆಂದು ತೆರೆದಿಟ್ಟ ಈ ಕಡತವೇ ಇಂದು ರಿಯಲ್ ಎಸ್ಟೇಟ್ ಹೂಡಿಕೆದಾರರ 'ಲೀಡ್' ಪಟ್ಟಿ. ವಾರಸುದಾರರ ಹೆಸರು, ವಿಳಾಸಗಳನ್ನು ಕೌಂಟಿವಾರು ಕಲೆಹಾಕಿ ಮಾರುವ ಕಂಪನಿಗಳಿವೆ. ದುಃಖ ಆರುವ ಮುನ್ನವೇ 'ನಗದು ಕೊಡುತ್ತೇವೆ, ಮನೆಯನ್ನು ಇದ್ದಂತೆಯೇ ಕೊಳ್ಳುತ್ತೇವೆ' ಎಂಬ ಪತ್ರ ಬಾಗಿಲಿಗೆ ಬರುತ್ತದೆ.

ಇದು ಕಾನೂನುಬದ್ಧ. ತೆರಿಗೆ, ವಿಮೆ, ದುರಸ್ತಿಯ ಹೊರೆ ಹೊತ್ತ ಕುಟುಂಬಕ್ಕೆ ಬೇಗ ಮಾರುವುದು ಅನುಕೂಲವೂ ಆಗಬಹುದು. ಆದರೆ ಇಲ್ಲಿ ಲಾಭ ಹುಟ್ಟುವುದು ಬಹುಪಾಲು ಎದುರಿನವರ ಅವಸರದಿಂದ, ಬೆಲೆಯರಿಯದ ಅಸಹಾಯಕತೆಯಿಂದ. ದಕ್ಷಿಣದ ರಾಜ್ಯಗಳಲ್ಲಿ ಉಯಿಲಿಲ್ಲದೆ ತಲೆಮಾರುಗಳಲ್ಲಿ ಹಂಚಿಹೋದ ಕಪ್ಪು ಜನರ ಜಮೀನಿನಲ್ಲಿ ಒಬ್ಬ ದಾಯಾದಿಯ ಸಣ್ಣ ಪಾಲನ್ನು ಕೊಂಡು, ನ್ಯಾಯಾಲಯದ ಮೂಲಕ ಇಡೀ ಜಮೀನನ್ನೇ ಹರಾಜಿಗೆಳೆದ ಚರಿತ್ರೆ ದೀರ್ಘವಾದುದು. ಅದನ್ನು ತಡೆಯಲೆಂದೇ 2010ರಲ್ಲಿ ಯೂನಿಫಾರ್ಮ್ ಲಾ ಕಮಿಷನ್ ಮಾದರಿ ಕಾಯ್ದೆಯೊಂದನ್ನು ರೂಪಿಸಿತು: ಮೊದಲು ನಿಷ್ಪಕ್ಷಪಾತ ಮೌಲ್ಯಮಾಪನ, ಬಳಿಕ, ಮಾರಾಟ ಬಯಸಿದವರ ಪಾಲನ್ನು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗೆ, ಬೇರೆ ದಾರಿಯಿಲ್ಲದಾಗಷ್ಟೇ ಮುಕ್ತ ಮಾರುಕಟ್ಟೆಯಲ್ಲಿ ಮಾರಾಟ. ಎಲ್ಲ ರಾಜ್ಯಗಳೂ ಇದನ್ನಿನ್ನೂ ಅಂಗೀಕರಿಸಿಲ್ಲ.

ನಮ್ಮವರ ವಾರಾಂತ್ಯದ ಕೂಟಗಳಲ್ಲೂ ಹೂಡಿಕೆಯ ಮಾತು ಜೋರಾಗಿದೆ. ಕೊಳ್ಳುವವರು ಕೊಳ್ಳಲಿ, ಆದರೆ ಮೌಲ್ಯಮಾಪನದ ವರದಿ ಮಾರುವವರ ಕೈಯಲ್ಲೂ ಇರಲಿ, ವಕೀಲರನ್ನು ಕೇಳಲು ಅವರಿಗೆ ಸಮಯವೂ ಸಿಗಲಿ. ಊರಿನ ಭೂಹಕ್ಕಿಗಾಗಿ ದನಿಯೆತ್ತುವ ನಾವು, ನೆಲೆಸಿದ ರಾಜ್ಯ ಈ ಕಾಯ್ದೆಯನ್ನು ಒಪ್ಪಿಲ್ಲವಾದರೆ ಅಲ್ಲಿನ ಶಾಸಕರನ್ನೂ ಪ್ರಶ್ನಿಸಬೇಕು.